ನಮ್ಮೂರಿನ ಡೇಟಾ, ಬೀಗದ ಕೈ ಮಾತ್ರ ಬೇರೆಯವರ ಹತ್ತಿರ

ಹುಣಸೂರು, ಪಿರಿಯಾಪಟ್ಟಣದ ತಂಬಾಕು ರೈತರಿಗೆ ‘ಅಥೆಂಟಿಕೇಶನ್’ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ತಂಬಾಕು ಮಂಡಳಿಯ ನೋಂದಣಿ ತೋರಿಸಿಯೇ ಹರಾಜು ಮಾರುಕಟ್ಟೆಗೆ ಬೇಲ್ ತರಬೇಕು ಅನ್ನೋದು ನಿಯಮ. ಸೋಶಿಯಲ್ ಮೀಡಿಯಾ ಎಪಿಐ ಕೂಡ ಇಂಥದ್ದೇ ಗೇಟು. ಮೊದಲು ಆ್ಯಪ್ ನೋಂದಾಯಿಸಬೇಕು. ಬಳಕೆದಾರರು ಒಪ್ಪಿಗೆ ಒತ್ತಿದರೆ ಒಂದು ಟೋಕನ್ ಸಿಗುತ್ತೆ. ಅದರಲ್ಲಿ ಪಾಸ್‌ವರ್ಡ್ ಇರಲ್ಲ, ಏನೇನು ನೋಡಬಹುದು ಅನ್ನೋ ಅನುಮತಿ ಮಾತ್ರ. ಟೋಕನ್ ತೋರಿಸಿದರೆ ಡೇಟಾ.

ಎಂಜಿನಿಯರಿಂಗ್ ಓದಿದ ನನಗೆ ಇಷ್ಟು ಗೊತ್ತಿತ್ತು. ಆ ಗೇಟಿಗೆ ಯಾವಾಗ, ಯಾರಿಗಾಗಿ ಬೀಗ ಬೀಳುತ್ತೆ ಅನ್ನೋದು ರಾಜಕೀಯ ಅಂತ ತಿಳಿದದ್ದು ಪತ್ರಕರ್ತನಾದ ಮೇಲೆ.

ಗೇಟು ತೆರೆದೇ ಇದ್ದ ಕಾಲದ ಕಥೆ ಕೇಳಿ. ಕೇಂಬ್ರಿಡ್ಜ್ ಅನಾಲಿಟಿಕಾಗೆ ಡೇಟಾ ಕೊಟ್ಟ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು ಬರೀ 335 ಜನ. ಆದರೆ ಅವರ ಗೆಳೆಯರೂ ಸೇರಿ 5,62,455 ಜನರ ಮಾಹಿತಿ ಹೋಗಿರಬಹುದು ಅಂತ 2018ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಒಪ್ಪಿಗೆ ಕೊಟ್ಟವರು ಯಾರೋ, ಬೆಲೆ ತೆತ್ತವರು ಇನ್ಯಾರೋ.

ಆಮೇಲೆ ಗೇಟು ಬಿಗಿಯಾಯ್ತು. ಅದು ಬೇಕಿತ್ತು. ಆದರೆ ಖಾಸಗಿ ಮಾಹಿತಿಯ ಜೊತೆ ಸಾರ್ವಜನಿಕ ಪೋಸ್ಟುಗಳಿಗೂ ಬೀಗ ಬಿತ್ತು. 2023ರಲ್ಲಿ ಟ್ವಿಟರ್ ಡೇಟಾ ಓದುವ ಉಚಿತ ದಾರಿ ಮುಚ್ಚಿ, ತಿಂಗಳಿಗೆ 100 ಡಾಲರ್‌ನಿಂದ ದರ ಇಟ್ಟಿತು. ಪತ್ರಕರ್ತರು ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲನ್ನು ಮೆಟಾ 2024ರ ಆಗಸ್ಟ್ 14ರಂದು ನಿಲ್ಲಿಸಿತು.

ಇದರಿಂದ ನಮಗೇನು ನಷ್ಟ ಅಂತೀರಾ? ಪಿರಿಯಾಪಟ್ಟಣದಲ್ಲಿ ಹರಾಜಿಗೆ ಮುಂಚೆ ‘ರೇಟು ಬಿದ್ದೋಯ್ತು’ ಅಂತ ಸುದ್ದಿ ಹಬ್ಬಿದರೆ, ಅದು ಮೊದಲು ಎಲ್ಲಿಂದ ಬಂತು? ಎಚ್.ಡಿ. ಕೋಟೆ ಕಾಡಂಚಿನ ಹುಲಿ ಅಂತ ಓಡಾಡೋ ವಿಡಿಯೊ ನಿಜಕ್ಕೂ ಅಲ್ಲಿಯದೇನಾ? ಚುನಾವಣೆ ಹೊತ್ತಲ್ಲಿ ಕೆ.ಆರ್. ನಗರದ ಬಗ್ಗೆ ನೂರು ಖಾತೆಗಳು ಒಂದೇ ಸಾಲು ಬರೆದರೆ, ಅವರು ಜನವೋ, ಬಾಡಿಗೆ ಖಾತೆಗಳೋ? ಉತ್ತರ ಇರೋದು ಕಂಪನಿಯ ಸರ್ವರಿನಲ್ಲಿ. ದುಡ್ಡಿರುವ ಪ್ರಚಾರ ಸಂಸ್ಥೆ ಡೇಟಾ ಕೊಂಡುಕೊಳ್ಳುತ್ತೆ. ತಾಲೂಕು ವರದಿಗಾರ ಸ್ಕ್ರೀನ್‌ಶಾಟ್ ಹಿಡಿದು ಕೂರಬೇಕು.

ಯುರೋಪಿನ ಡಿಜಿಟಲ್ ಸರ್ವೀಸಸ್ ಕಾಯ್ದೆಯ 40ನೇ ವಿಧಿ ಸಂಶೋಧಕರಿಗೆ ಈ ಡೇಟಾ ಪಡೆಯುವ ದಾರಿ ಕೊಟ್ಟಿದೆ. ನಮ್ಮ 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಪತ್ರಿಕೋದ್ಯಮಕ್ಕೆ ಇಲ್ಲ.

ಯಾರದೋ ಇನ್‌ಬಾಕ್ಸ್, ವಾಟ್ಸ್‌ಆ್ಯಪ್ ಗ್ರೂಪ್ ತೆರೆದು ತೋರಿಸಿ ಅಂತ ನಾನು ಕೇಳ್ತಿಲ್ಲ. ಪಕ್ಷಗಳು, ನಾಯಕರು, ದೊಡ್ಡ ಪೇಜುಗಳು ಎಲ್ಲರಿಗೂ ಕಾಣುವಂತೆ ಹಾಕಿದ ಪೋಸ್ಟುಗಳ ಲೆಕ್ಕ ಕೇಳ್ತಿದ್ದೀನಿ. ಮುಂದಿನ ಸಲ ವೋಟು ಕೇಳೋಕೆ ಬಂದವರನ್ನು ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ.