ಐದಕ್ಕೆ ಏಳು ಕೂಡಿಸಿದರೆ ಐವತ್ತೇಳು

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ತೊಡಗಿದ ಮಕ್ಕಳಿಗೆ ಬೇಗನೆ ಎದುರಾಗುವ ವಿಚಿತ್ರವೊಂದಿದೆ. ಎರಡು ಸಂಖ್ಯೆಗಳನ್ನು ಕೇಳಿ ಪಡೆದು ಕೂಡಿಸುವಂತೆ ಬರೆದು, 5 ಮತ್ತು 7ನ್ನು ಕೊಟ್ಟರೆ ಪರದೆಯ ಮೇಲೆ 12ರ ಬದಲು 57 ಮೂಡುತ್ತದೆ. ಲೆಕ್ಕದ ಕ್ರಮದಲ್ಲಿ ತಪ್ಪಿಲ್ಲ, ಕಾಗುಣಿತದಲ್ಲೂ ತಪ್ಪಿಲ್ಲ. ಕೀಲಿಮಣೆಯಿಂದ ಬಂದುದೆಲ್ಲವನ್ನೂ ಪೈಥಾನ್ ಮೊದಲು ಬರಿಯ ಅಕ್ಷರಗಳೆಂದೇ ಸ್ವೀಕರಿಸುತ್ತದೆ. ‘ಇಂಟ್’ ಎಂಬ ಆದೇಶದಿಂದ ಅವನ್ನು ಸಂಖ್ಯೆಯಾಗಿಸದಿದ್ದರೆ ಕೂಡಿಸುವುದೆಂದರೆ ಪಕ್ಕಪಕ್ಕ ಅಂಟಿಸುವುದು.

ಪಳಗಿದವರು ಇದನ್ನು ಹೇಳಲು ಮರೆಯುತ್ತಾರೆ. ಬಚ್ಚಿಡುವ ಉದ್ದೇಶದಿಂದಲ್ಲ, ತಮಗೆ ಅದು ಗೊತ್ತಿದೆ ಎಂಬುದೇ ಅವರ ಗಮನದಲ್ಲಿರುವುದಿಲ್ಲ. ಕನ್ನಡ ಕಲಿಯುತ್ತಿರುವ ಪಕ್ಕದ ಮನೆಯ ಮಲಯಾಳಿ ಗೆಳತಿ, ‘ಮರಕ್ಕೆ ಎನ್ನುವವರು ಅಣ್ಣಕ್ಕೆ ಎಂದೇಕೆ ಹೇಳುವುದಿಲ್ಲ?’ ಎಂದು ಕೇಳಿದರೆ ಎಷ್ಟು ಮಂದಿ ಕನ್ನಡಿಗರು ಥಟ್ಟನೆ ಕಾರಣ ಹೇಳಿಯಾರು? ‘ಅಣ್ಣನಿಗೆ’ ಎಂಬುದು ನಾಲಗೆಗೆ ಗೊತ್ತು. ಲಿಂಗಭೇದದ ನಿಯಮ ನೆನಪಾಗಲು ವ್ಯಾಕರಣ ಪುಸ್ತಕವೇ ಬೇಕು.

ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ 1978ರಲ್ಲಿ ಪ್ರಕಟಿಸಿದ ಸಿ ಭಾಷೆಯ ಪುಸ್ತಕ ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು. ಒಂದೆರಡು ಪದಗಳನ್ನು ಮುದ್ರಿಸುವ ಮೊದಲ ಪ್ರೋಗ್ರಾಮನ್ನೇ ಅದು ದೊಡ್ಡ ತಡೆಯೆಂದು ಎಣಿಸಿತು. ಎಲ್ಲಿ ಬರೆಯಬೇಕು, ಹೇಗೆ ಓಡಿಸಬೇಕು, ಉತ್ತರ ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ಮೊದಲು ತಿಳಿಯಬೇಕಲ್ಲ! ಅನಂತರ ಬಂದ ಹಲವು ಪುಸ್ತಕಗಳು ಆ ಪ್ರೋಗ್ರಾಮನ್ನು ಉಳಿಸಿಕೊಂಡವು, ಎಚ್ಚರಿಕೆಯನ್ನು ಬಿಟ್ಟುಬಿಟ್ಟವು.

ಕನ್ನಡ ಮಾಧ್ಯಮದ ಮಗು ಹೆಚ್ಚು ಅಳುಕುವುದು ತಪ್ಪಾದಾಗ ಮೂಡುವ ಇಂಗ್ಲಿಷ್ ಸಾಲುಗಳನ್ನು ಕಂಡು. ಮೇಲಿನಿಂದ ಓದುತ್ತ ಹೋಗಿ, ಅರ್ಥವಾಗದೆ, ‘ನನ್ನ ಇಂಗ್ಲಿಷ್ ಸಾಲದು’ ಎಂದುಕೊಳ್ಳುತ್ತದೆ. ಹೆತ್ತವರು ಮಾಧ್ಯಮ ಬದಲಿಸುವ ಯೋಚನೆಗೆ ಇಳಿಯುತ್ತಾರೆ. ಆದರೆ ಅನುಭವಿ ಆ ಸಾಲುಗಳನ್ನೆಲ್ಲ ಓದುವುದೇ ಇಲ್ಲ. ಅವನ ಕಣ್ಣು ನೇರವಾಗಿ ಕೊನೆಯ ಸಾಲಿಗೆ ಹೋಗುತ್ತದೆ, ತಪ್ಪಿನ ಹೆಸರು ಇರುವುದು ಅಲ್ಲಿ. ಆಮೇಲೆ ಸಾಲಿನ ಸಂಖ್ಯೆ. ಆ ಸಾಲಿನಲ್ಲಿ ಏನೂ ಕಾಣದಿದ್ದರೆ ಅದರ ಹಿಂದಿನ ಸಾಲು; ಮುಚ್ಚಲು ಮರೆತ ಆವರಣ ಚಿಹ್ನೆ ಅಲ್ಲಿರಬಹುದು. ಇದು ಇಂಗ್ಲಿಷ್ ಪಾಂಡಿತ್ಯವಲ್ಲ, ರೂಢಿ. ಇಂಗ್ಲಿಷ್ ಮಾಧ್ಯಮದ ಮಗುವಿಗೂ ಯಾರಾದರೂ ತೋರಿಸಿಕೊಡಲೇಬೇಕು. 57 ಬಂದಾಗಲಂತೂ ದೂರುವ ಸಾಲೊಂದೂ ಮೂಡುವುದಿಲ್ಲ. ಎರಡೂ ಮಾಧ್ಯಮದ ಮಕ್ಕಳು ಒಂದೇ ರೀತಿ ಬೆಪ್ಪಾಗುತ್ತಾರೆ.

ಹಾಗೆ ನೋಡಿದರೆ ಈಗಿನ ಪೈಥಾನ್‌ನಲ್ಲಿ ‘ಮೊತ್ತ’ ಎಂಬ ಕನ್ನಡ ಹೆಸರನ್ನೇ ಬಳಸಬಹುದು. ಕೀಲಿಮಣೆಯಿಂದ ೫ ಎಂದು ಕೊಟ್ಟರೂ ‘ಇಂಟ್’ ಅದನ್ನು ಐದೆಂದೇ ಎಣಿಸುತ್ತದೆ. ಪ್ರೋಗ್ರಾಮಿನೊಳಗೇ ಸಂಖ್ಯೆಯಾಗಿ ೫ ಎಂದು ಬರೆದರೆ ಮಾತ್ರ ಒಪ್ಪದು. (ಯಾರೂ ಹೇಳದ ಸಂಗತಿಗಳಲ್ಲಿ ಇದೂ ಒಂದು.)

ಮನೆಯಲ್ಲಿ ಪ್ರೋಗ್ರಾಮಿಂಗ್ ಬಲ್ಲ ಅಣ್ಣನೋ ಅಕ್ಕನೋ ಇದ್ದರೆ ವಿವರಣೆ ಕೇಳುವುದಕ್ಕಿಂತ, ಅವರು ತಪ್ಪು ತಿದ್ದುವಾಗ ಪಕ್ಕದಲ್ಲಿ ಕುಳಿತು ನೋಡುವುದು ಮೇಲು. ‘ಈಗ ಎಲ್ಲಿ ನೋಡಿದೆ ಅಣ್ಣಾ? ಅದನ್ನೇಕೆ ಒತ್ತಿದೆ?’ ಎಂದು ನಡುನಡುವೆ ತಡೆಯಬೇಕು. ‘ಅದು ಸುಲಭ’ ಎಂಬ ಉತ್ತರ ಬಂದಲ್ಲಿ, ಅದೊಂದನ್ನು ಮತ್ತೊಮ್ಮೆ ನಿಧಾನವಾಗಿ ಮಾಡಿ ತೋರಿಸಲು ಕೇಳಬೇಕು.