ಹಿಂದಿನ ಆಕ್ಸಲ್ ಮುರಿಯಲಿ ಬಿಡಿ, ಚಕ್ರ ಮಾತ್ರ ಹೋಗದಿರಲಿ

ಜೀಪು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಟೈರಿನ ಮೇಲೆ. ಯಾವ ಕಂಪನಿಯದು, ಎಷ್ಟು ಇಂಚು, ಎಲ್ಲಿ ತಂದದ್ದು... ಅದಾದ ಮೇಲೆ ಲೈಟು, ಬಂಪರು, ಹಾರ್ನು. ಹಿಂದಿನ ಆಕ್ಸಲ್ ಬಗ್ಗೆ ಮಾತಾಡುವವರು ಕಡಿಮೆ. ಅದು ಕಣ್ಣಿಗೆ ಬೀಳುವುದಿಲ್ಲ, ಫೋಟೋದಲ್ಲಿ ಚೆಂದ ಕಾಣುವುದೂ ಇಲ್ಲ. ಮುರಿದ ದಿನ ಮಾತ್ರ ನೆನಪಾಗುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಪರಿಹಾರ: "ಇದಕ್ಕಿಂತ ದಪ್ಪಂದು ಹಾಕಿಸಿಬಿಡು."

ಈ ಪರಿಹಾರ ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಬರಹ. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ, ಈಗ ಬೆಂಗಳೂರಿನಲ್ಲಿ ಕೂತು ಬೇರೆಯವರ ಕೋಡಿನಲ್ಲಿ ಬಗ್ ಹುಡುಕುವವನು ನಾನು. ಓದಿದ್ದು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ :)

ನಮ್ಮೂರು ಕೊಳಕೂರ, ಜೇವರ್ಗಿ ಕಡೆ. ಸುತ್ತಲೂ ಯರಿ ಭೂಮಿ, ತೊಗರಿ ಹೊಲ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಈ ಕರಿ ಮಣ್ಣು ಎರಡು ಮಳೆ ಬಿದ್ದರೆ ಅಂಟಿನ ಥರ ಆಗಿಬಿಡುತ್ತದೆ. ಚಪ್ಪಲಿ ಸಿಕ್ಕರೆ ಚಪ್ಪಲಿ, ಚಕ್ರ ಸಿಕ್ಕರೆ ಚಕ್ರ, ಯಾವುದನ್ನೂ ಬಿಡುವುದಿಲ್ಲ. ನಮ್ಮ ಕಾಕಾನ ಹತ್ತಿರ ಒಂದು ಹಳೆಯ ಫೋರ್ ವೀಲ್ ಜೀಪಿದೆ. ಹೊಲಕ್ಕೆ ಆಳು, ಬೀಜ, ಗೊಬ್ಬರ ಅದರಲ್ಲೇ. ಮಳೆಗಾಲದ ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಜೇವರ್ಗಿ ಆಸ್ಪತ್ರೆಗೂ ಅದೇ.

ಹೋದ ಮಳೆಗಾಲದಲ್ಲಿ ಅದರ ಹಿಂದಿನ ಎಡಗಡೆ ಶಾಫ್ಟು ಮುರಿಯಿತು. ಕಳೆ ತೆಗೆಯಲು ಹೊರಟಿದ್ದ ಆರು ಜನ ಹೆಣ್ಣುಮಕ್ಕಳು ಹಿಂದೆ ಕೂತಿದ್ದರು. ಗಾಡಿ ಕೆಸರಿನಿಂದ ಎದ್ದು ಒಂದು ನಲವತ್ತು ಹೆಜ್ಜೆ ಹೋಗಿದೆ ಅಷ್ಟೇ, ಚಕ್ರ ಡ್ರಮ್ಮಿನ ಸಮೇತ ಕಳಚಿ ಪಕ್ಕದ ಹೊಲಕ್ಕೆ ಉರುಳಿತು. ನಡೆಯುವಷ್ಟೇ ವೇಗ ಇದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅದೇ ಗಾಡಿ ಅವತ್ತೇ ಡಾಂಬರು ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಇದ್ದಿದ್ದರೆ? ಈ ಪ್ರಶ್ನೆ ಬಿಟ್ಟರೆ ಉಳಿದದ್ದೆಲ್ಲ ಬರೀ ಗ್ಯಾರೇಜಿನ ಹರಟೆ.

ಫೋನಿನಲ್ಲಿ ಕಾಕಾ ಹೇಳಿದ್ದು: "ಯರಿಯಾಗ ಸಿಕ್ಕೊಂಡಿತ್ತು ತಮ್ಮಾ. ಜೋರ್ ಮಾಡಿ ರೇಸ್ ಕೊಟ್ಟೆ, ಅದಕ್ಕ ಮುರೀತು. ಮಿಸ್ತ್ರಿ ಲೇಥಿನ್ಯಾಗ ದಪ್ಪಂದು ಮಾಡಿಸಿ ಕೊಡ್ತೀನಿ ಅಂದಾನ. ಜೋಡಿಗೆ ದೊಡ್ಡ ಟೈರ್ ಹಾಕಿಸಿದ್ರ ಸಿಕ್ಕೊಳ್ಳೂದೇ ಇಲ್ಲ ಅಂತ."

ಮುರಿದ ಜಾಗದ ಫೋಟೋ ಕಳಿಸು ಅಂದೆ. ಬಂತು. ಮುರಿದ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ನುಣ್ಣಗೆ, ಕಪ್ಪಗೆ ತುಕ್ಕು ಹಿಡಿದಿತ್ತು. ಉಳಿದದ್ದು ಮಾತ್ರ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿತ್ತು. ಲೋಹ ಓದಿದವರಿಗೆ ಇದು ಗೊತ್ತು: ನುಣುಪಾದದ್ದು ಹಳೆಯ ಬಿರುಕು, ಹೊಳೆಯುವುದು ಕೊನೆಯ ದಿನ ಮುರಿದದ್ದು. ಅಂದರೆ ಆ ಶಾಫ್ಟು ಅವತ್ತು ಮುರಿದದ್ದಲ್ಲ. ತಿಂಗಳುಗಟ್ಟಲೆ ಮುರಿಯುತ್ತಲೇ ಇತ್ತು. ಕೆಸರು ಕೊನೆಯ ಏಟು ಹಾಕಿತು, ಅಷ್ಟೇ.

ಯಾಕೆ ಹೀಗೆ? ಇದಕ್ಕೆ ಎತ್ತಿನ ಬಂಡಿ ನೋಡಿದರೆ ಸಾಕು. ಬಂಡಿಯ ಅಚ್ಚು ತಿರುಗುವುದಿಲ್ಲ. ಅದು ಭಾರ ಹೊರುತ್ತದೆ, ಚಕ್ರ ಅದರ ಮೇಲೆ ತಿರುಗುತ್ತದೆ, ಕಡಾಣಿ ಚಕ್ರವನ್ನು ಹಿಡಿದಿರುತ್ತದೆ. ಎಳೆಯುವ ಕೆಲಸ ಎತ್ತುಗಳದ್ದು. ಹೊರುವವರು ಬೇರೆ, ಎಳೆಯುವವರು ಬೇರೆ. ಆದರೆ ನಮ್ಮಲ್ಲಿ ಓಡಾಡುವ ಬಹುತೇಕ ಹಳೆಯ ಜೀಪುಗಳ ಹಿಂದಿನ ಆಕ್ಸಲ್ ಸೆಮಿ ಫ್ಲೋಟಿಂಗ್. ಅದರಲ್ಲಿ ಒಂದೇ ಶಾಫ್ಟು ಚಕ್ರವನ್ನು ತಿರುಗಿಸಬೇಕು, ಗಾಡಿಯ ಭಾರವನ್ನೂ ಹೊರಬೇಕು, ಚಕ್ರ ಕಳಚದಂತೆ ಕಡಾಣಿಯೂ ಆಗಬೇಕು. ಭಾರಕ್ಕೆ ಶಾಫ್ಟು ಸ್ವಲ್ಪ ಬಾಗುತ್ತದೆ. ತಿರುಗುತ್ತಾ ಬಾಗುವುದರಿಂದ ಪ್ರತಿ ಸುತ್ತಿಗೂ ಒಂದೊಂದು ಬದಿ ಹಿಗ್ಗಿ ಕುಗ್ಗುತ್ತದೆ. 28 ಇಂಚಿನ ಟೈರು ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ತಿರುಗುತ್ತದೆ. ಒಂದು ಲಕ್ಷ ಕಿಲೋಮೀಟರಿಗೆ ಎಷ್ಟಾಯಿತು? ನಾಲ್ಕೂವರೆ ಕೋಟಿ ಸಲ. ತಂತಿಯನ್ನು ಆಚೆ ಈಚೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಲೆಕ್ಕ. ಐದು ಜನರ ಜಾಗದಲ್ಲಿ ಹತ್ತು ಜನ ಕೂತರೆ ಪ್ರತಿ ಬಾಗೂ ಇನ್ನಷ್ಟು ದೊಡ್ಡದು.

ಫುಲ್ ಫ್ಲೋಟಿಂಗ್ ಆಕ್ಸಲ್ ಬಂಡಿಯ ಅಚ್ಚಿನ ಥರದ್ದು. ಹೊರಗಿನ ಕೊಳವೆಯ ತುದಿಯ ಮೇಲೆ ಎರಡು ಬೇರಿಂಗ್, ಅದರ ಮೇಲೆ ಹಬ್ಬು, ಹಬ್ಬಿಗೆ ಚಕ್ರ. ಭಾರವೆಲ್ಲ ಕೊಳವೆಗೆ. ಒಳಗಿನ ಶಾಫ್ಟಿಗೆ ತಿರುಗಿಸುವುದು ಬಿಟ್ಟು ಬೇರೆ ಕೆಲಸವಿಲ್ಲ. ನೋಡಬೇಕಾದರೆ ಯಾವುದಾದರೂ ಲಾರಿಯ ಹಿಂದಿನ ಚಕ್ರದ ನಡುವೆ ನೋಡಿ: ಹೊರಗೆ ಚಾಚಿದ ಹಬ್ಬು, ಅದರ ಸುತ್ತ ಒಂದು ಸಾಲು ಬೋಲ್ಟು. ಆ ಬೋಲ್ಟು ಬಿಚ್ಚಿದರೆ ಚಕ್ರ ನೆಲದ ಮೇಲೆ ಇದ್ದ ಹಾಗೇ ಶಾಫ್ಟು ಹೊರಗೆ ಬರುತ್ತದೆ.

ಇನ್ನೊಂದು ವಿಚಿತ್ರ ಗೊತ್ತೇ? 1941ರಿಂದ 45ರವರೆಗೆ ಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಎಂಬಿ ಜೀಪಿನ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಆಗಿತ್ತು. ಯುದ್ಧ ಮುಗಿದ ಮೇಲೆ ಜನಸಾಮಾನ್ಯರಿಗೆ ಬಂದ ಸಿಜೆ-2ಎ ಜೀಪಿನಲ್ಲೂ ಮೊದಲ ಕೆಲವು ಸಾವಿರ ಗಾಡಿಗಳಿಗೆ ಅದೇ ಇತ್ತು. ಆಮೇಲೆ ಸೆಮಿ ಫ್ಲೋಟಿಂಗ್ ಬಂತು. ಹೊಸದರ ಶಾಫ್ಟು, ಹಲ್ಲು ಎಲ್ಲ ಮೊದಲಿನದಕ್ಕಿಂತ ಗಟ್ಟಿ, ಅದು ನಿಜ. ಆದರೆ ದಪ್ಪ ಬಂತು, ಕೆಲಸದ ಹಂಚಿಕೆ ಹೋಯಿತು. ನಮ್ಮ ದೇಶದಲ್ಲಿ ದಶಕಗಟ್ಟಲೆ ತಯಾರಾದ ಸಿಜೆ-3ಬಿ ಮಾದರಿ ಇದೇ ದಾರಿಯದು.

ಇಲ್ಲಿ ಒಂದು ವಾದ ಬರುತ್ತದೆ, ಬುದ್ಧಿವಂತರದ್ದೇ: "ಶಾಫ್ಟು ಅಂದರೆ ಫ್ಯೂಸು ಇದ್ದ ಹಾಗೆ. ಅದು ಹೋದರೆ ಕ್ರೌನ್ ಪಿನಿಯನ್ ಉಳಿಯುತ್ತದೆ, ಗೇರ್ ಬಾಕ್ಸ್ ಉಳಿಯುತ್ತದೆ. ಅದನ್ನು ಗಟ್ಟಿ ಮಾಡಬೇಡಿ." ಒಪ್ಪುತ್ತೇನೆ, ಅರ್ಧ. ಆ ಹಳೆಯ ವಿಲ್ಲಿಸ್ ಎಂಜಿನ್ನಿನ ತಿರುಚುಬಲ ಸುಮಾರು 142 ನ್ಯೂಟನ್ ಮೀಟರ್. ಮೊದಲ ಗೇರಿನಲ್ಲಿ 2.665 ಪಟ್ಟು, ಲೋ ರೇಂಜಿನಲ್ಲಿ 1.97 ಪಟ್ಟು, ಆಕ್ಸಲ್ಲಿನಲ್ಲಿ 4.88 ಪಟ್ಟು. ಗುಣಿಸಿದರೆ ಇಪ್ಪತ್ತೈದು ಪಟ್ಟಿಗಿಂತ ಹೆಚ್ಚು, 3600 ನ್ಯೂಟನ್ ಮೀಟರ್ ದಾಟುತ್ತದೆ. ಕೆಸರಿನಲ್ಲಿ ಗರಗರ ತಿರುಗುತ್ತಿದ್ದ ಚಕ್ರ ಒಮ್ಮೆಲೇ ಕಲ್ಲು ಹಿಡಿದರೆ ಎಲ್ಲೋ ಒಂದು ಕಡೆ ಏನೋ ಮುರಿಯಲೇಬೇಕು. ಅದು ಶಾಫ್ಟೇ ಆಗಲಿ.

ಆದರೆ ಫ್ಯೂಸಿಗೆ ಯಾರಾದರೂ ಮನೆಯ ತೊಲೆ ಹೊರಿಸುತ್ತಾರೆಯೇ? ಫ್ಯೂಸು ಹೋದರೆ ಲೈಟು ಆರಬೇಕು, ಮಾಳಿಗೆ ತಲೆ ಮೇಲೆ ಬೀಳಬಾರದು. ಸೆಮಿ ಫ್ಲೋಟಿಂಗ್ ಶಾಫ್ಟು ಹೊರಗಿನ ಬೇರಿಂಗಿನಿಂದ ಆಚೆ ಮುರಿದರೆ ಚಕ್ರ, ಡ್ರಮ್ಮು ಎರಡೂ ಹೋಗುತ್ತವೆ. ಡ್ರಮ್ಮಿಲ್ಲದಾಗ ಬ್ರೇಕ್ ತುಳಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದು ಎಣ್ಣೆ ಚೆಲ್ಲುತ್ತದೆ. ಒಂದೇ ಲೈನಿನ ಹಳೆಯ ಬ್ರೇಕಾದರೆ ನಾಲ್ಕೂ ಚಕ್ರದ್ದು ಹೋಯಿತು. ಹ್ಯಾಂಡ್ ಬ್ರೇಕ್ ಎಳೆಯೋಣ ಅಂದರೆ ಹಳೆಯ ವಿಲ್ಲಿಸ್ ಮಾದರಿಯಲ್ಲಿ ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಒಂದು ಕಡೆ ಶಾಫ್ಟು ಮುರಿದ ಮೇಲೆ ಅದು ಹಿಡಿದೂ ಹಿಡಿಯದ ಹಾಗೆ. ಮೂರೂ ಒಂದೇ ಏಟಿಗೆ!

ಈಗ ಲ್ಯಾಂಡ್ ರೋವರ್ ಕಡೆ ನೋಡಿ. 1958ರಲ್ಲಿ ಬಂದ ಸೀರೀಸ್ 2, ಆಮೇಲಿನ ಸೀರೀಸ್ 3, ಇವುಗಳ ಹಿಂದಿನ ಹಾಫ್ ಶಾಫ್ಟು ಮುರಿಯುವುದಕ್ಕೇ ಹೆಸರುವಾಸಿ. ದೂರ ಹೋಗುವವರು ಒಂದು ಶಾಫ್ಟು ಗಾಡಿಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಆದರೆ ಆಕ್ಸಲ್ ಫುಲ್ ಫ್ಲೋಟಿಂಗ್. ಮುರಿದದ್ದನ್ನು ಎಳೆದು ಹೊಸದನ್ನು ತುರುಕಿ ಹೊರಟುಬಿಡಬಹುದು. ಹೊಸದು ಇಲ್ಲದಿದ್ದರೂ ಫೋರ್ ವೀಲ್ ಹಾಕಿ ಮುಂದಿನ ಚಕ್ರದ ಎಳೆತದಲ್ಲೇ ಮನೆ ಸೇರಬಹುದು. ಶಾಫ್ಟು ಸೋತರೂ ಚಕ್ರ ಜಾಗ ಬಿಡುವುದಿಲ್ಲ. ನನ್ನ ಮಾತಿನ ಸಾರ ಇಷ್ಟೇ: ಆಕ್ಸಲ್ ಎಷ್ಟು ದಪ್ಪ ಅಂತ ಕೇಳುವ ಮೊದಲು, ಮುರಿದರೆ ಏನಾಗುತ್ತದೆ ಅಂತ ಕೇಳಿ.

ಹಾಗಾದರೆ ದಪ್ಪದಿಂದ ಲಾಭವೇ ಇಲ್ಲವೇ? ಇದೆ. ತಿರುಚನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 30 ಮಿಲಿಮೀಟರಿನದನ್ನು 33 ಮಾಡಿದರೆ ಸುಮಾರು ಮೂರನೇ ಒಂದು ಪಾಲು ಹೆಚ್ಚು ಶಕ್ತಿ. ಆದರೆ ಅದೇ ಉಕ್ಕು, ಅದೇ ಹದ ಇದ್ದರೆ ಮಾತ್ರ. ಕಂಪನಿಯ ಶಾಫ್ಟು ಮಿಶ್ರ ಉಕ್ಕಿನದು, ಕಾಯಿಸಿ ಹದ ಮಾಡಿದ್ದು. ಲೇಥಿನಲ್ಲಿ ಯಾವುದೋ ಸರಳು ಕಡೆದು ಮಾಡಿದ್ದು ನೋಡಲು ದಪ್ಪ, ಒಳಗೆ ಮೆತ್ತಗೆ. ಮುರಿದದ್ದನ್ನು ವೆಲ್ಡ್ ಮಾಡಿಸುವುದಂತೂ ಬೇಡವೇ ಬೇಡ. ವೆಲ್ಡಿಂಗ್ ಶಾಖಕ್ಕೆ ಪಕ್ಕದ ಹದ ಪೂರ್ತಿ ಕೆಟ್ಟಿರುತ್ತದೆ. ಮೇಲಾಗಿ ಒಳತುದಿ ದಪ್ಪವಾದರೆ ಡಿಫರೆನ್ಷಿಯಲ್ ಒಳಗಿನ ಹಲ್ಲು, ಬೇರಿಂಗ್, ಸೀಲು ಎಲ್ಲ ಬದಲಾಗಬೇಕು. ಇನ್ನು ಟೈರು: 28 ಇಂಚಿನ ಬದಲು 31 ಹಾಕಿದರೆ ಸನ್ನೆಯ ಉದ್ದ ಶೇ. 11ರಷ್ಟು ಹೆಚ್ಚಾಯಿತು. ಮುರಿದ ಆಕ್ಸಲ್ಲಿಗೆ ಔಷಧಿ ಅಂತ ದೊಡ್ಡ ಟೈರು ಹಾಕಿಸುವುದು, ಕಾಲು ಮುರಿದವನಿಗೆ ಇನ್ನೊಂದು ಮೂಟೆ ಹೊರಿಸಿದ ಹಾಗೆ.

ಅಮೆರಿಕದವರು ಸಿಜೆ ಜೀಪುಗಳ ಎಎಂಸಿ 20 ಆಕ್ಸಲ್ಲಿಗೆ ಒಂದೇ ತುಂಡಿನ ಶಾಫ್ಟು ಹಾಕುತ್ತಾರೆ, ರ‍್ಯಾಂಗ್ಲರಿನ ಡಾನಾ 35 ಕಿತ್ತು ಡಾನಾ 44 ಅಥವಾ ಫೋರ್ಡ್ 8.8 ಕೂರಿಸುತ್ತಾರೆ. ಅಲ್ಲಿ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ, ಕಿಟ್ಟು ಸಿಗುತ್ತದೆ. ಯೂಟ್ಯೂಬ್ ನೋಡಿ ನಮ್ಮ ಹುಡುಗರಿಗೂ ಆಸೆ. ಮಾಡುವುದಾದರೆ ಅರ್ಧಂಬರ್ಧ ಬೇಡ, ಫುಲ್ ಫ್ಲೋಟಿಂಗ್ ಆಕ್ಸಲ್ ಪೂರ್ತಿ ಹಾಕಿಸಿ. ಆದರೆ ಫೋರ್ ವೀಲ್ ಗಾಡಿಯಲ್ಲಿ ಹಿಂದಿನ ಮುಂದಿನ ಆಕ್ಸಲ್ಲಿನ ಗೇರ್ ಲೆಕ್ಕ ಒಂದೇ ಇರಬೇಕು, ಇಲ್ಲದಿದ್ದರೆ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸು ಹಾಳು. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ತಯಾರಕರು ಕೊಟ್ಟ, ನೋಂದಣಿಯಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. ಆರ್‌ಟಿಓ ಕಚೇರಿಯಲ್ಲಿ ಮೊದಲು ಕೇಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಕಾಕಾನಿಗೆ ನಾನು ಹೇಳಿದ್ದು ಇದಕ್ಕಿಂತ ಸಣ್ಣ ದಾರಿ. ಎರಡೂ ಕಡೆಯ ಶಾಫ್ಟು ಹೊಸದು, ಅಸಲಿ. ಒಂದು ಕಡೆಯದು ದಣಿದಿದ್ದರೆ ಇನ್ನೊಂದೂ ಅಷ್ಟೇ ಸುತ್ತು ತಿರುಗಿದೆಯಲ್ಲ! ಜೊತೆಗೆ ಬೇರಿಂಗ್, ಸೀಲು. ಟೈರು ಮೊದಲಿನ ಅಳತೆಯದೇ. ಬ್ರೇಕ್ ಡ್ರಮ್ಮಿನ ಕೆಳಗೆ ಎಣ್ಣೆ ಜಿನುಗಿದರೆ, ಜಾಕ್ ಹಾಕಿ ಅಲುಗಿಸಿದಾಗ ಚಕ್ರ ಕಡಕಡ ಅಂದರೆ, ಅವತ್ತೇ ಬಿಚ್ಚಿಸುವುದು. ಎಲ್ಲಕ್ಕಿಂತ ಮುಖ್ಯ, ಗಾಡಿಯಲ್ಲಿ ಎಷ್ಟು ಸೀಟಿದೆಯೋ ಅಷ್ಟೇ ಜನ, ಹೊಲಕ್ಕೆ ಎರಡು ಸುತ್ತು ಹೊಡೆದರೂ ಸರಿ.

ಕಾಕಾ ಕೇಳಿದ: "ಎರಡ್ ಸುತ್ತಿನ ಡೀಸೆಲ್ ಯಾರ ಕೊಡ್ತಾರ?" ನ್ಯಾಯವಾದ ಪ್ರಶ್ನೆಯೇ. ದೊಡ್ಡ ಟೈರಿಗೆ ನಾನು ಕಳಿಸಬೇಕಿದ್ದ ದುಡ್ಡು ಶಾಫ್ಟಿಗೆ ಹೋಗಲಿ, ಉಳಿದದ್ದು ಡೀಸೆಲ್ಲಿಗೆ ಅಂದೆ. ಗೊಣಗುತ್ತಲೇ ಒಪ್ಪಿದ್ದಾನೆ. ಹಿಂದೆ ಕೂರುವ ಹೆಣ್ಣುಮಕ್ಕಳಿಗೆ ಸೆಮಿ, ಫುಲ್ ಯಾವುದೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಗಾಡಿ ಇಟ್ಟುಕೊಂಡವರಿಗೆ ಗೊತ್ತಿದ್ದರೆ ಸಾಕು.

ಮಲೆನಾಡಿನ ಬ್ಲಾಗಿಗರೇ, ನಿಮ್ಮ ತೋಟದ ಜೀಪುಗಳು, ಕೊಡಚಾದ್ರಿ ಹತ್ತುವ ಜೀಪುಗಳು ಇದಕ್ಕಿಂತ ಹೆಚ್ಚು ಕಷ್ಟಪಡುತ್ತವೆ. ಅಲ್ಲಿಯ ಮಿಸ್ತ್ರಿಗಳು ಏನು ಮಾಡುತ್ತಾರೆ? ಯಾರಾದರೂ ಫುಲ್ ಫ್ಲೋಟಿಂಗ್ ಕೂರಿಸಿ ಕಾಗದಪತ್ರ ಸರಿ ಮಾಡಿಸಿಕೊಂಡವರಿದ್ದಾರೆಯೇ? ಗೊತ್ತಿದ್ದವರು ಬರೆಯಿರಿ, ಕಾಕಾನಿಗೆ ಓದಿ ಹೇಳುತ್ತೇನೆ.