ಲಾಭಾಂಶವೇ ಲಾಭವಲ್ಲ

ಕಳೆದ ತಿಂಗಳು ನಮ್ಮ ಕಕ್ಷಿದಾರರಾದ ಸಗಟು ವ್ಯಾಪಾರಿಯೊಬ್ಬರು ಕಚೇರಿಗೆ ಬಂದಿದ್ದರು. ಟೊರಾಂಟೊದಲ್ಲಿ ನೆಲೆಸಿರುವ ಅವರ ಮಗ ಅಲ್ಲಿನ ‘ಸ್ಪ್ಲಿಟ್ ಷೇರು’ ನಿಧಿಯೊಂದರಲ್ಲಿ ಹಣ ತೊಡಗಿಸಲು ಹೊರಟಿದ್ದಾರೆ. ಪ್ರತಿ ತಿಂಗಳೂ ಲಾಭಾಂಶ, ವರ್ಷಕ್ಕೆ ಶೇ. 8. “ಬ್ಯಾಂಕಿನಲ್ಲಿ ಇಷ್ಟು ಎಲ್ಲಿ ಸಿಗುತ್ತದೆ ಸಾರ್?” ಎಂಬುದು ತಂದೆಯ ಪ್ರಶ್ನೆ.

ಈ ನಿಧಿಗಳ ರಚನೆ ಸರಳವಾದುದು. ಬ್ಯಾಂಕು, ವಿಮಾ ಕಂಪನಿ ಮುಂತಾದವುಗಳ ಷೇರುಗಳನ್ನು ಕೊಂಡು, ಆ ಆಸ್ತಿಯ ಮೇಲೆ ಎರಡು ಬಗೆಯ ಷೇರುಗಳನ್ನು ನೀಡುತ್ತಾರೆ. ಉದಾಹರಣೆಗೆ 25 ಡಾಲರಿನ ಒಂದು ಘಟಕದಲ್ಲಿ 10 ಡಾಲರ್ ಆದ್ಯತಾ ಷೇರು, 15 ಡಾಲರ್ ‘ಎ’ ವರ್ಗದ ಷೇರು. ಮೊದಲ ಹಕ್ಕು ಆದ್ಯತಾ ಷೇರಿನದು. ಉಳಿದ ಏರಿಳಿತವೆಲ್ಲ ‘ಎ’ ವರ್ಗದ ಪಾಲು. ಆಸ್ತಿ ಶೇ. 20 ಕುಸಿದರೆ ‘ಎ’ ಷೇರಿನ ಮೌಲ್ಯ 15ರಿಂದ 10ಕ್ಕೆ, ಎಂದರೆ ಮೂರನೆಯ ಒಂದು ಭಾಗ ಇಳಿಯುತ್ತದೆ. ಏರುವಾಗಲೂ ಇದೇ ವೇಗ ಎಂಬುದನ್ನು ಮರೆಯಬಾರದು.

ಈಗ ಪೇಟೆ ವರ್ಷವಿಡೀ ನಿಂತಲ್ಲೇ ನಿಂತಿತೆಂದು ಭಾವಿಸಿ ಲೆಕ್ಕ ಹಾಕೋಣ. ಆದ್ಯತಾ ಷೇರಿಗೆ 55 ಸೆಂಟ್, ‘ಎ’ ಷೇರಿಗೆ 1.20 ಡಾಲರ್, ನಿರ್ವಹಣಾ ವೆಚ್ಚ 25 ಸೆಂಟ್: ಒಟ್ಟು 2 ಡಾಲರ್ ಹೊರಹೋಗುತ್ತದೆ. ಒಳಬರುವ ಲಾಭಾಂಶ ಶೇ. 4ರಂತೆ ಒಂದೇ ಡಾಲರ್. ಉಳಿದ ಒಂದು ಡಾಲರನ್ನು ಷೇರು ಮಾರಿಯೋ ಆಪ್ಷನ್ ಪ್ರೀಮಿಯಂನಿಂದಲೋ ತುಂಬಬೇಕು. ಪ್ರೀಮಿಯಂ ಇಲ್ಲವಾದರೆ ಘಟಕ 24ಕ್ಕೂ, ‘ಎ’ ಷೇರು 14ಕ್ಕೂ ಇಳಿಯುತ್ತದೆ. ಕೈಗೆ ಬಂದದ್ದು 1.20, ಬಂಡವಾಳದಲ್ಲಿ ಕರಗಿದ್ದು 1.00; ನಿಜವಾದ ಗಳಿಕೆ 20 ಸೆಂಟ್, ಎಂದರೆ ಶೇ. 8 ಅಲ್ಲ, ಸುಮಾರು ಶೇ. 1.3. ನಮ್ಮ ವ್ಯಾಪಾರಿಗಳಿಗೆ ಇದು ಹೊಸ ಪಾಠವೇನಲ್ಲ. ಗಲ್ಲಾಪೆಟ್ಟಿಗೆಯಿಂದ ಮನೆಖರ್ಚಿಗೆ ತೆಗೆದ ಹಣವನ್ನು ಡ್ರಾಯಿಂಗ್ಸ್ ಖಾತೆಗೆ ಬರೆಯುತ್ತೇವೆಯೇ ಹೊರತು ಲಾಭವೆಂದು ಬರೆಯುವುದಿಲ್ಲ.

ಘಟಕದ ಮೌಲ್ಯ ನಿಗದಿತ ಮಟ್ಟಕ್ಕೆ, ಹಲವು ನಿಧಿಗಳಲ್ಲಿ 15 ಡಾಲರಿಗೆ, ಇಳಿದರೆ ‘ಎ’ ಷೇರಿನ ಲಾಭಾಂಶವೇ ನಿಲ್ಲುತ್ತದೆ. 2020ರ ಮಾರ್ಚ್ ಕುಸಿತದ ನಂತರ ಇಂಥ ಹಲವು ನಿಧಿಗಳಲ್ಲಿ ಹೀಗಾಯಿತು. ತಿಂಗಳ ಆದಾಯವನ್ನೇ ನಂಬಿದವರಿಗೆ ಅದು ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಕೈತಪ್ಪುತ್ತದೆ. ಬ್ರಿಟನ್ನಿನಲ್ಲಿ ಇದೇ ಜಾತಿಯ ‘ಸ್ಪ್ಲಿಟ್ ಕ್ಯಾಪಿಟಲ್’ ಟ್ರಸ್ಟುಗಳು ಸಾಲ ಮಾಡಿ, ಒಂದರ ಷೇರನ್ನು ಇನ್ನೊಂದು ಕೊಂಡು, 2000ದ ನಂತರದ ಇಳಿಮುಖದಲ್ಲಿ ಸಾಲುಸಾಲಾಗಿ ಬಿದ್ದವು. 2004ರ ಡಿಸೆಂಬರಿನಲ್ಲಿ 19.4 ಕೋಟಿ ಪೌಂಡ್ ಪರಿಹಾರದ ಒಪ್ಪಂದವಾಯಿತು. ನಮ್ಮಲ್ಲೂ ಯು.ಎಸ್.-64ರ ಲಾಭಾಂಶವನ್ನು ನೆಚ್ಚಿದ್ದವರು 2001ರ ಜುಲೈನಲ್ಲಿ ಮರುಖರೀದಿ ಸ್ಥಗಿತಗೊಂಡಾಗ ಪಟ್ಟ ಪಾಡು ಹಿರಿಯ ಸದಸ್ಯರಿಗೆ ನೆನಪಿರಬಹುದು.

ಹಾಗೆಂದು ‘ಎ’ ಷೇರು ಕೊಳ್ಳಲೇಬಾರದೆಂದು ನಾನು ಹೇಳಲಾರೆ. ಪೇಟೆ ಏರುವುದೆಂಬ ಭರವಸೆಯುಳ್ಳವರಿಗೆ ಅದೊಂದು ಸಾಧನ. ಆದರೆ ಅದು ಸಾಲ ಮಾಡಿ ಷೇರು ಕೊಂಡಂತೆಯೇ ಸರಿ. ನಿಶ್ಚಿತ ಆದಾಯ ಬೇಕೆನ್ನುವವರು ಆದ್ಯತಾ ಷೇರನ್ನು ನೋಡುವುದು ಲೇಸು. ಅಲ್ಲಿ ದರ ಕಡಿಮೆ, ಬೆಳವಣಿಗೆಯಿಲ್ಲ, ಆದರೆ ಮೊದಲ ಹಕ್ಕಿದೆ.

ನಿಧಿಯ ಕಳೆದ ಐದು ವರ್ಷಗಳ ಘಟಕ ಮೌಲ್ಯವನ್ನೂ, ‘ಎ’ ಷೇರಿನ ಪೇಟೆ ಬೆಲೆ ಅದರ ನಿವ್ವಳ ಮೌಲ್ಯಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನೂ ಮಗನಿಂದ ತರಿಸಿಕೊಳ್ಳಲು ಆ ಮಿತ್ರರಿಗೆ ಹೇಳಿ ಕಳುಹಿಸಿದ್ದೇನೆ.